ಒಮ್ಮೊಮ್ಮೆ ಹೋಗುತ್ತೆ, ಒಮ್ಮೊಮ್ಮೆ ಹೋಗಲ್ಲ

ಪೂರ್ತಿ ಕೆಟ್ಟುಹೋದ ಯಂತ್ರವನ್ನು ರಿಪೇರಿ ಮಾಡುವುದು ಸುಲಭ. ಫ್ಯಾನ್ ತಿರುಗುತ್ತಿಲ್ಲ ಅಂದರೆ ತಿರುಗುತ್ತಿಲ್ಲ. ಕೆಪಾಸಿಟರ್ ಹೋಗಿದೆಯೋ ಕಾಯಿಲ್ ಸುಟ್ಟಿದೆಯೋ ನೋಡಿದರಾಯಿತು. ಜೀವ ತಿನ್ನುವುದು ಮೆಕ್ಯಾನಿಕ್ ಬಂದಾಗ ಗಿರ್ರನೆ ತಿರುಗಿ, ಅವನು ಮೆಟ್ಟಿಲಿಳಿದ ಕೂಡಲೇ ನಿಲ್ಲುವ ಫ್ಯಾನು. ಮನೆಯ ಕಂಪ್ಯೂಟರಿನಿಂದ ಮೇಲ್ ಹೋಗುತ್ತಿಲ್ಲ ಎಂದು ಬರುವ ದೂರುಗಳು ಹೆಚ್ಚುಕಡಿಮೆ ಎಲ್ಲವೂ ಈ ಎರಡನೇ ಜಾತಿಯವು.

ನಾನು ಹಾಸನದ ಕಡೆಯವನು. ಮದ್ರಾಸಿಗೆ ಬಂದು ಮಾಧವರಂನಲ್ಲಿ ಮನೆ ಮಾಡಿ ಇಪ್ಪತ್ತು ವರ್ಷ ದಾಟಿತು. ಹೊಟ್ಟೆಪಾಡು ಅಂಬತ್ತೂರಿನ ಕಾರ್ಖಾನೆಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು. ಹಾಗಾಗಿ ಪೆರಂಬೂರು, ಕೊಳತ್ತೂರು, ಮೂಲಕಡೈ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ಕಂಪ್ಯೂಟರ್ ಮುನಿಸಿಕೊಂಡರೆ ಮೊದಲ ಫೋನು ನನಗೇ. ದೂರು ಎರಡು ಭಾಷೆಯಲ್ಲಿ ಬರುತ್ತದೆ, ಅರ್ಥ ಒಂದೇ. ನಮ್ಮವರು "ಒಮ್ಮೊಮ್ಮೆ ಹೋಗುತ್ತೆ, ಒಮ್ಮೊಮ್ಮೆ ಹೋಗಲ್ಲ" ಅನ್ನುತ್ತಾರೆ. ಜಿ.ಎನ್.ಟಿ. ರಸ್ತೆಯ ಲಾರಿ ಬುಕಿಂಗ್ ಆಫೀಸಿನ ಹುಡುಗ "ಸಿಲ ಸಮಯಂ ಪೋಗುದು, ಸಿಲ ಸಮಯಂ ಪೋಗಲೆ ಸಾರ್" ಅನ್ನುತ್ತಾನೆ.

ಈ 'ಒಮ್ಮೊಮ್ಮೆ'ಯನ್ನು ನಾನು ನಂಬುವುದಿಲ್ಲ. ಮನಸ್ಸು ಬಂದಾಗ ಕಳಿಸಿ, ಬೇಜಾರಾದಾಗ ಬಿಡುವ ಗುಣ ಕಂಪ್ಯೂಟರಿಗಿಲ್ಲ. ಪ್ರತಿ ಸಲ ನಿಂತಾಗಲೂ ಅದಕ್ಕೊಂದು ಕಾರಣ ಇರುತ್ತದೆ. ಆ ಕಾರಣ ಬಂದುಹೋಗುವ ಹೊತ್ತು ನಮಗೆ ತಿಳಿದಿರುವುದಿಲ್ಲ, ಅಷ್ಟೆ. ಹೋದ ವರ್ಷ ನಮ್ಮ ಬೀದಿಯ ಮೇಷ್ಟ್ರ ಮನೆಯಲ್ಲಿ ಅಂಥ ಒಂದು ತೊಂದರೆಯ ಬೆನ್ನು ಹತ್ತಿ ಮೂರು ವಾರ ಓಡಾಡಿದೆ. ಅದನ್ನು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಮನೆಯಲ್ಲೂ ಇದೇ ನಡೆಯುತ್ತಿರಬಹುದು.

ಮೇಷ್ಟ್ರಿಗೆ ಎಪ್ಪತ್ತೆರಡು. ನಿವೃತ್ತಿಯಾದ ಮೇಲೆ ಬೆಂಗಳೂರಿನ ಒಂದು ಪ್ರಕಾಶನಕ್ಕೆ ಕರಡು ತಿದ್ದಿಕೊಡುತ್ತಾರೆ. ಬರುವ ದುಡ್ಡು ಹೆಚ್ಚಲ್ಲ, ಗಂಡ ಹೆಂಡತಿಯ ತಿಂಗಳ ಔಷಧಿಗೆ ಸರಿಹೋಗುತ್ತದೆ. ಆದರೆ ಹಾಲಿನವನಿಂದ ಹಿಡಿದು ಆಟೋದವನವರೆಗೆ ದಿನವಿಡೀ ತಮಿಳಿನಲ್ಲೇ ಬದುಕುವ ಮನುಷ್ಯನಿಗೆ ಬೆಳಗ್ಗೆ ನಾಲ್ಕು ಗಂಟೆ ಕನ್ನಡದ ಜೊತೆ ಕೂರುವ ಕೆಲಸ ಅದು. ಪ್ರಕಾಶನದವರು ತಮ್ಮದೇ ಹೆಸರಿನ ಮೇಲ್ ವಿಳಾಸವೊಂದನ್ನು ಅವರಿಗೆ ಮಾಡಿಕೊಟ್ಟಿದ್ದರು. ಹಳೆಯ ಡೆಸ್ಕ್‌ಟಾಪು, ಅದರಲ್ಲಿ ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶ. ವರ್ಷಗಟ್ಟಲೆ ಚೆನ್ನಾಗಿ ನಡೆದಿತ್ತು.

ಆಗಸ್ಟಿನಿಂದ ಶುರುವಾಯಿತು. ತಿದ್ದಿದ ಅಧ್ಯಾಯ ಲಗತ್ತಿಸಿ 'ಕಳಿಸು' ಒತ್ತಿದರೆ ಒಂದು ದಿನ ಕಣ್ಣು ಮಿಟುಕಿಸುವುದರಲ್ಲಿ ಹೋಗುತ್ತದೆ, ಇನ್ನೊಂದು ದಿನ ನಿಮಿಷಗಟ್ಟಲೆ ಸುತ್ತಿ ಸುತ್ತಿ ಕೊನೆಗೆ 'ಆಗಲಿಲ್ಲ' ಅನ್ನುತ್ತದೆ. ಪ್ರಕಾಶನದವರಿಗೆ ನವೆಂಬರ್ 1ರ ರಾಜ್ಯೋತ್ಸವಕ್ಕೆ ಪುಸ್ತಕಗಳು ಹೊರಬರಬೇಕು. ಮೊದಲ ಸಲ ತಡವಾದಾಗ "ಪರವಾಗಿಲ್ಲ ಸಾರ್" ಅಂದರು. ಎರಡನೇ ಸಲ ಸುಮ್ಮನಿದ್ದರು. ಮೂರನೇ ಸಲ "ಸಾರ್, ನಿಮಗೆ ಶ್ರಮ ಆಗ್ತಿದ್ದರೆ ಈ ಪುಸ್ತಕ ಬೇರೆಯವರಿಗೆ ಕೊಡ್ಲಾ?" ಅಂದರಂತೆ. ಬಹಳ ಮರ್ಯಾದೆಯಿಂದಲೇ ಕೇಳಿದ್ದಾರೆ. ಆದರೆ ಮೇಷ್ಟ್ರಿಗೆ ಅದರ ಹಿಂದಿನ ಅರ್ಥ ಕೇಳಿಸಿತು: ಮುದುಕರಿಗೆ ಕೆಲಸ ಸಾಗುತ್ತಿಲ್ಲ, ಮೇಲಿನ ನೆಪ ಹೇಳುತ್ತಿದ್ದಾರೆ.

"ನೋಡಪ್ಪಾ, ನಾನು ಸುಳ್ಳು ಹೇಳ್ತಿಲ್ಲ ಅಂತ ತೋರಿಸೋದು ಹೇಗೆ?" ಎಂದು ಅವರು ನನ್ನನ್ನು ಕೇಳಿದರು. ಮೇಲ್ ಸರಿಮಾಡಿಕೊಡು ಎಂದು ಕೇಳಲಿಲ್ಲ.

ಅಷ್ಟು ಹೊತ್ತಿಗೆ ಸಲಹೆಗಾರರು ಬೇಕಾದಷ್ಟು ಜನ ಬಂದು ಹೋಗಿದ್ದರು. ಮಾಧವರಂನಲ್ಲಿ ಈಗ ಎರಡು ಮೆಟ್ರೋ ಮಾರ್ಗಗಳ ಕೆಲಸ ನಡೆಯುತ್ತಿರುವುದರಿಂದ, ನೀರು ಬರದಿದ್ದರೂ ನೆಟ್ ಬರದಿದ್ದರೂ ಮೊದಲ ಆರೋಪಿ ಮೆಟ್ರೋ ಅಗೆತವೇ. ಮಳೆ ಬಂದು ಕೇಬಲ್ಲಿಗೆ ನೀರು ಇಳಿದಿದೆ ಅಂದವರು ಒಬ್ಬರು. ವಾರದ ಕೊನೆಯಲ್ಲಿ ಎಲ್ಲರೂ ಸಿನಿಮಾ ನೋಡುತ್ತಾರೆ, ದಾರಿ ಇಕ್ಕಟ್ಟಾಗುತ್ತದೆ ಅಂದವರು ಇನ್ನೊಬ್ಬರು. ಸಂಬಂಧಿಕರ ಹುಡುಗನೊಬ್ಬ ಕನ್ನಡದಲ್ಲಿ ಬರೆದ ಮೇಲ್‌ಗಳನ್ನು ಸರ್ವರ್‌ಗಳು ಅನುಮಾನದಿಂದ ತಡೆಯುತ್ತವೆ ಅಂದ. ಮೇಷ್ಟ್ರು ಅದನ್ನು ನಂಬಿ, ವಿಷಯದ ಸಾಲಿನಲ್ಲಿ 'ಏಳನೇ ಅಧ್ಯಾಯ' ಎಂದು ಬರೆಯುವುದನ್ನು ಬಿಟ್ಟು ಇಂಗ್ಲಿಷಿನಲ್ಲಿ ಬರೆಯಲು ಶುರುಮಾಡಿದ್ದರು. ನನಗೆ ನಿಜವಾಗಿ ಸಿಟ್ಟು ಬಂದದ್ದು ಇದಕ್ಕೆ.

ಕನ್ನಡಕ್ಕೂ ಮೇಲ್ ನಿಲ್ಲುವುದಕ್ಕೂ ಸಂಬಂಧವಿಲ್ಲ. ಇ-ಮೇಲಿನ ಮೂಲ ನಿಯಮಾವಳಿಯನ್ನು ಜಾನ್ ಪೋಸ್ಟೆಲ್ ಬರೆದದ್ದು 1982ರ ಆಗಸ್ಟಿನಲ್ಲಿ. ಅದಕ್ಕೆ ಇಂಗ್ಲಿಷ್ ಅಕ್ಷರಮಾಲೆ ಬಿಟ್ಟು ಬೇರೆ ಗೊತ್ತಿರಲಿಲ್ಲ, ನಿಜ. ಆದರೆ ಬೇರೆ ಲಿಪಿಗಳನ್ನು ಅದರ ವೇಷದಲ್ಲಿ ಸಾಗಿಸುವ ಉಪಾಯ ಬಂದು ದಶಕಗಳಾದವು. ಯೂನಿಕೋಡಿನಲ್ಲಿ 'ಕನ್ನಡ' ಎಂಬ ಪದದಲ್ಲಿ ಐದು ಸಂಕೇತಗಳಿವೆ: ಕ, ನ, ಒಂದು ವಿರಾಮ, ಮತ್ತೆ ನ, ಡ. ಒಂದೊಂದಕ್ಕೂ ಮೂರು ಬೈಟ್, ಒಟ್ಟು 15. ವಿಷಯದ ಸಾಲಿನಲ್ಲಿ ಇದನ್ನು ಬರೆದರೆ ನಿಮ್ಮ ತಂತ್ರಾಂಶ ಸಾಮಾನ್ಯವಾಗಿ ಆ 15 ಬೈಟನ್ನು 20 ಇಂಗ್ಲಿಷ್ ಅಕ್ಷರಗಳಾಗಿ ಮಾಡಿ ಕಳಿಸುತ್ತದೆ, ಆ ಕಡೆಯದು ಬಿಚ್ಚಿ ಮತ್ತೆ 'ಕನ್ನಡ' ಮಾಡುತ್ತದೆ. ದಾರಿಯ ಸರ್ವರ್‌ಗಳಿಗೆ ಅದು ಬರೀ ಅಕ್ಷರದ ಸಾಲು. ಹಾಗಾಗಿ ನಾನು ಮಾಡಿಸಿದ ಮೊದಲ ಕೆಲಸ, ವಿಷಯದ ಸಾಲನ್ನು ಮತ್ತೆ ಕನ್ನಡಕ್ಕೆ ತಂದದ್ದು.

ಎರಡನೇ ಕೆಲಸ ಕಂಪ್ಯೂಟರನ್ನು ಮುಟ್ಟದೆ ಮಾಡುವಂಥದ್ದು. ಒಂದು ಪುಸ್ತಕ ಇಡಿ ಅಂದೆ. ಪ್ರತಿ ಸಲ ಕಳಿಸಿದಾಗಲೂ ದಿನ, ಗಂಟೆ, ಯಾರಿಗೆ, ಲಗತ್ತು ಎಷ್ಟು ದೊಡ್ಡದು, ಹೋಯಿತೋ ಇಲ್ಲವೋ, ಹೋಗದಿದ್ದರೆ ಪರದೆ ಏನಂದಿತು. ಕೊನೆಯದನ್ನು ಇದ್ದ ಹಾಗೇ, ಅಕ್ಷರ ಬಿಡದೆ ಬರೆದುಕೊಳ್ಳಬೇಕು. ಕರಡು ತಿದ್ದುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹೊಸ ಪುಸ್ತಕ ಯಾಕೆ ದಂಡ ಎಂದು ಅವರ ಮನೆಯ ಅಮ್ಮ ಹಾಲಿನ ಲೆಕ್ಕದ ಪುಸ್ತಕವನ್ನೇ ಕೊಟ್ಟರು. ಎಡಗಡೆ ಆವಿನ್ ಹಾಲು, ಬಲಗಡೆ ಮೇಲ್.

ಪುಸ್ತಕ ತುಂಬುವ ಹೊತ್ತಿಗೆ ಮೇಲ್ ಹೋಗುವ ದಾರಿ ಎಂಥದ್ದು ಎಂದು ಹೇಳಿಬಿಡುತ್ತೇನೆ. ನಾವು 'ಕಳಿಸು' ಒತ್ತಿದರೆ ಮೇಲ್ ನೇರ ಬೆಂಗಳೂರಿನವರ ಪೆಟ್ಟಿಗೆಗೆ ಹಾರುವುದಿಲ್ಲ. ನಮ್ಮ ಮನೆಯಿಂದ ನಮ್ಮ ಮೇಲ್ ಸರ್ವರಿಗೆ ಒಂದು ಪಯಣ. ಅಲ್ಲಿಂದ ಅವರ ಸರ್ವರಿಗೆ ಇನ್ನೊಂದು. ಅಲ್ಲಿ ಇನ್‌ಬಾಕ್ಸಿಗೋ ಸ್ಪ್ಯಾಮಿಗೋ ಮೂರನೆಯದು. ಊರಿನ ಟಪಾಲು ಪೆಟ್ಟಿಗೆಗೆ ಕಾಗದ ಹಾಕುವುದು, ಆರ್.ಎಂ.ಎಸ್. ರೈಲಿನಲ್ಲಿ ಅದು ಸಾಗುವುದು, ಆ ಊರಿನ ಅಂಚೆಯಣ್ಣ ಮನೆಗೆ ಮುಟ್ಟಿಸುವುದು ಬೇರೆಬೇರೆ ಅಲ್ಲವೇ, ಹಾಗೆ. ಎರಡನೇ ಪಯಣದಲ್ಲಿ ತೊಡಕಾದರೆ ಸರ್ವರ್‌ಗಳು ತಾಳ್ಮೆಯಿಂದ ದಿನಗಟ್ಟಲೆ ಮತ್ತೆಮತ್ತೆ ಪ್ರಯತ್ನಿಸುತ್ತವೆ. ನಾಲ್ಕೈದು ದಿನವಾದರೂ ಪ್ರಯತ್ನಿಸಿ ಎಂದು ನಿಯಮಾವಳಿಯೇ ಹೇಳುತ್ತದೆ. ಮೊದಲನೆಯದರಲ್ಲಿ ಮನೆಯ ಕಂಪ್ಯೂಟರಿಗೆ ಆ ತಾಳ್ಮೆಯಿಲ್ಲ, ಒಂದೆರಡು ನಿಮಿಷಕ್ಕೆ ಕೈಚೆಲ್ಲುತ್ತದೆ. ಆದ್ದರಿಂದ ಮೊದಲು ನೋಡಬೇಕಾದದ್ದು ಮೇಲ್ ಎಲ್ಲಿ ನಿಂತಿದೆ ಎಂದು. 'ಕಳಿಸಿದವು' ಎಂಬ ಕಡತದಲ್ಲಿ ಅದು ಇಲ್ಲದಿದ್ದರೆ ತೊಂದರೆ ನಮ್ಮ ಮನೆಗೂ ನಮ್ಮ ಸರ್ವರಿಗೂ ನಡುವೆ. ಅದು ಅಲ್ಲಿದ್ದು, ಸ್ವಲ್ಪ ಹೊತ್ತಿನ ಮೇಲೆ ಇಂಗ್ಲಿಷಿನಲ್ಲಿ ಉದ್ದದ ವಾಪಸಾತಿ ಪತ್ರ ಬಂದರೆ ತೊಂದರೆ ಆಚೆ ಕಡೆ. ಆ ಪತ್ರವನ್ನು ಓದದೆ ಅಳಿಸುವವರೇ ಹೆಚ್ಚು. ಅಳಿಸಬೇಡಿ. ಅದರಲ್ಲಿ ಮೂರು ಅಂಕಿಯ ಒಂದು ಸಂಖ್ಯೆ ಇರುತ್ತದೆ, ಬೇಕಾಗಿರುವುದು ಅದೇ.

ಮೂಲ ನಿಯಮಾವಳಿಯಲ್ಲಿ ಎರಡು ಸರ್ವರ್‌ಗಳ ಮಾತುಕತೆ 'ಹೆಲೊ' ಎಂಬ ಆಜ್ಞೆಯಿಂದ ಶುರುವಾಗುತ್ತಿತ್ತು. ಆಜ್ಞೆಗಳು ನಾಲ್ಕೇ ಅಕ್ಷರ ಇರಬೇಕೆಂದು ಅದರಲ್ಲಿ ಒಂದು 'ಎಲ್' ಬಿಟ್ಟಿದ್ದಾರೆ. ಪ್ರತಿ ಮಾತಿಗೂ ಆ ಕಡೆಯಿಂದ ಸಂಖ್ಯೆಯಲ್ಲಿ ಉತ್ತರ. ಎರಡರಿಂದ ಶುರುವಾದರೆ ಸರಿ. ನಾಲ್ಕರಿಂದ ಶುರುವಾದರೆ ಈಗ ಆಗದು, ಆಮೇಲೆ ಬನ್ನಿ. ಐದರಿಂದ ಶುರುವಾದರೆ ಆಗುವುದೇ ಇಲ್ಲ, ಏನಾದರೂ ಬದಲಾಯಿಸಿಕೊಂಡು ಬನ್ನಿ. 535 ಅಂದರೆ ಪಾಸ್‌ವರ್ಡ್ ಒಪ್ಪಿಗೆಯಾಗಲಿಲ್ಲ. 550 ಬಂದರೆ ಸಾಮಾನ್ಯವಾಗಿ ವಿಳಾಸ ತಪ್ಪು, ಇಲ್ಲವೇ ಆ ಕಡೆಯವರು ತೆಗೆದುಕೊಳ್ಳಲು ಒಪ್ಪುತ್ತಿಲ್ಲ. ಸಂಖ್ಯೆಯೇ ಬಾರದೆ ಸುಮ್ಮನೆ ಕಾದು ಸೋತರೆ, ಮಾತುಕತೆ ಶುರುವಾಗಲೇ ಇಲ್ಲ ಅಥವಾ ನಡುವೆ ಯಾರೋ ಬಾಗಿಲು ಮುಚ್ಚಿದರು.

ಎರಡು ವಾರದಲ್ಲಿ ಹಾಲಿನ ಪುಸ್ತಕದ ಬಲಗಡೆ ಆರು ಸೋಲುಗಳು ಕೂತಿದ್ದವು. ಅವನ್ನು ಓದಿದಾಗ ತಿಳಿದ ಮೊದಲ ವಿಷಯ, ಅವು ಒಂದೇ ಜಾತಿಯವಲ್ಲ. ಎರಡು ಸಲ ಪರದೆ 'ಸರ್ವರಿನ ಪ್ರಮಾಣಪತ್ರ ಸಿಂಧುವಲ್ಲ' ಎಂಬರ್ಥದ ಮಾತು ಹೇಳಿತ್ತು. ಉಳಿದ ನಾಲ್ಕು ಸಲ ಏನೂ ಹೇಳದೆ ಕಾದು ಕಾದು ಸೋತಿತ್ತು. ಒಂದು ರೋಗ ಎಂದುಕೊಂಡದ್ದು ಎರಡು ರೋಗ. ಈ ಕೆಲಸದಲ್ಲಿ ಇದು ಮತ್ತೆಮತ್ತೆ ಕಾಣುತ್ತದೆ. ಎರಡು ಸಣ್ಣ ತೊಂದರೆ ಒಂದರ ಮೇಲೊಂದು ಬಿದ್ದಾಗಲೇ ಲೆಕ್ಕ ತಪ್ಪಿ 'ಒಮ್ಮೊಮ್ಮೆ' ಅನ್ನಿಸುವುದು.

ಪ್ರಮಾಣಪತ್ರದ್ದು ಬೇಗ ಬಿಡಿಸಿತು. ಆ ಎರಡೂ ದಿನಗಳ ಹಿಂದಿನ ರಾತ್ರಿ ಗುಡುಗು ಮಳೆ. ಹಾಗಾದರೆ ಕೇಬಲ್ಲಿಗೆ ನೀರು ಇಳಿದದ್ದು ನಿಜವೇ ಎಂದರೆ, ಅಲ್ಲ. ಗುಡುಗಿದರೆ ಅಮ್ಮ ಕಂಪ್ಯೂಟರಿನ ಪ್ಲಗ್ ಕಿತ್ತುಬಿಡುತ್ತಾರೆ, ಒಳ್ಳೆಯ ಅಭ್ಯಾಸವೇ. ಪ್ಲಗ್ ಕಿತ್ತಾಗ ಕಂಪ್ಯೂಟರಿನ ಗಡಿಯಾರವನ್ನು ನಡೆಸುವುದು ಒಳಗಿರುವ ನಾಣ್ಯದಂಥ ಸಣ್ಣ ಬ್ಯಾಟರಿ. ಸಿಆರ್ 2032 ಎಂದು ಅದರ ಹೆಸರು. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಎಂಬುದನ್ನೇ ಹೆಸರು ಮಾಡಿದ್ದಾರೆ. ಅದು ಸತ್ತಿತ್ತು. ಬೆಳಗ್ಗೆ ಪ್ಲಗ್ ಹಾಕಿದರೆ ಕಂಪ್ಯೂಟರ್ ತಾನು ಹುಟ್ಟಿದ ವರ್ಷದ ಜನವರಿ ಒಂದಕ್ಕೆ ಹೋಗಿ ಕೂರುತ್ತಿತ್ತು. ಸರ್ವರ್ ತನ್ನ ಗುರುತಿಗೆ ತೋರಿಸುವ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಕೆಲವಕ್ಕೆ 90 ದಿನ ಮಾತ್ರ. ಹಳೆಯ ವರ್ಷದಲ್ಲಿ ಕೂತ ಕಂಪ್ಯೂಟರಿಗೆ ಅದು ಇನ್ನೂ ಹುಟ್ಟಿಯೇ ಇಲ್ಲದ ಪತ್ರ. ಒಪ್ಪುವುದು ಹೇಗೆ? ವ್ಯತ್ಯಾಸ ಇಷ್ಟು ದೊಡ್ಡದಿದ್ದಾಗ ವಿಂಡೋಸ್ ಗಡಿಯಾರವನ್ನು ತಾನಾಗಿ ತಿದ್ದಿಕೊಳ್ಳಲೂ ಹಿಂಜರಿಯುತ್ತದೆ.

ಹಾಗಾದರೆ ಮಧ್ಯಾಹ್ನದ ಹೊತ್ತಿಗೆ ಅದೇ ಮೇಲ್ ಹೋಗುತ್ತಿದ್ದದ್ದು ಹೇಗೆ? ಅಮ್ಮನಿಗೆ ತಾರೀಕು ತಪ್ಪಿದ್ದರೆ ಕಣ್ಣಿಗೆ ಚುಚ್ಚುತ್ತದೆ, ದಿನಾ ಪಂಚಾಂಗ ನೋಡುವವರು. ಅಡುಗೆ ಮುಗಿಸಿ ಬಂದು, ಮೂಲೆಯಲ್ಲಿ ತಪ್ಪು ತಾರೀಕು ಕಂಡು, ಮೊಮ್ಮಗ ಹೇಳಿಕೊಟ್ಟಂತೆ ಸರಿಮಾಡಿ ಹೋಗುತ್ತಿದ್ದರು. ಅದಕ್ಕೂ ಮೇಲಿಗೂ ನಂಟು ಇದೆ ಎಂದು ಅವರಿಗೇಕೆ ಹೊಳೆಯಬೇಕು? ಮೂಲಕಡೈನ ಅಂಗಡಿಯಿಂದ ಐವತ್ತು ರೂಪಾಯಿಯೊಳಗೆ ಹೊಸ ಬ್ಯಾಟರಿ ತಂದು ಹಾಕಿದೆ. ಇದರ ಗುರುತು ಸುಲಭ: ಮೇಲ್ ಒಂದೇ ಅಲ್ಲ, ಅದೇ ಕಂಪ್ಯೂಟರಿನಲ್ಲಿ ಬ್ಯಾಂಕಿನ ಪುಟವೂ ತಕರಾರು ತೆಗೆಯುತ್ತದೆ, ಅದೇ ವೈಫೈನಲ್ಲಿರುವ ಮೊಬೈಲ್ ಮಾತ್ರ ಆರಾಮಾಗಿರುತ್ತದೆ. ಪರದೆಯ ಮೂಲೆಯ ತಾರೀಕು ನೋಡಿ.

ಉಳಿದ ನಾಲ್ಕು ಸೋಲುಗಳು ಮಾತ್ರ ಹಟ ಹಿಡಿದವು. ಮೇಷ್ಟ್ರ ಮನೆಯಲ್ಲಿ ಅದಕ್ಕೆ ಒಂದು ಮನೆಮದ್ದು ಕಂಡುಕೊಂಡಿದ್ದರು, ರೂಟರ್ ಆಫ್ ಮಾಡಿ ಆನ್ ಮಾಡುವುದು. ಮಾಡಿದರೆ ಹೋಗುತ್ತಿತ್ತು ಕೂಡ. ಆದರೆ ಅರ್ಧ ಗಂಟೆಗೆ ಮತ್ತೆ ಅದೇ. ಬ್ರಾಡ್‌ಬ್ಯಾಂಡಿನವರಿಗೆ ಫೋನ್ ಮಾಡಿದರೆ "ನಮ್ಮ ಕಡೆ ಎಲ್ಲಾ ಸರಿ ಇದೆ". ಪ್ರಕಾಶನದ ಮೇಲ್ ನೋಡಿಕೊಳ್ಳುವವರನ್ನು ಕೇಳಿದರೆ "ನಮ್ಮ ಕಡೆ ಎಲ್ಲಾ ಸರಿ ಇದೆ". ಇಬ್ಬರೂ ಹೇಳಿದ್ದು ನಿಜ, ತಮಾಷೆ ಅದೇ.

ಈ ನಡುವೆ ಅಂಥದ್ದೇ ಮಾತು ಲಾರಿ ಆಫೀಸಿನಿಂದಲೂ ಬಂದದ್ದರಿಂದ ಅದನ್ನೂ ಹೇಳುತ್ತೇನೆ. ಮಾಲೀಕರು ದಾವಣಗೆರೆ ಕಡೆಯವರು. ರಾತ್ರಿ ಮನೆಯ ಕಂಪ್ಯೂಟರಿನಲ್ಲಿ ಬಿಲ್ಲು, ಎಲ್.ಆರ್. ಪ್ರತಿಗಳನ್ನು ಪಾರ್ಟಿಗಳಿಗೆ ಕಳಿಸುತ್ತಾರೆ. ಬಿಲ್ಲು ಮುಟ್ಟದಿದ್ದರೆ ದುಡ್ಡು ಬರದು, ದುಡ್ಡು ಬರದಿದ್ದರೆ ಡೀಸೆಲ್ ಇಲ್ಲ. ಅಲ್ಲಿ "ಬಿಲ್ ಕಳಿಸಿದ್ದೇನೆ, ನೋಡಿ" ಎಂಬ ಒಂದು ಸಾಲಿನ ಮೇಲ್ ಪ್ರತಿ ಸಲವೂ ಹೋಗುತ್ತದೆ, ಬಿಲ್ಲು ಅಂಟಿಸಿದ್ದು ಮಾತ್ರ ನಡುದಾರಿಯಲ್ಲಿ ಕೂತುಬಿಡುತ್ತದೆ. ಗಾತ್ರವೇ ಸುಳಿವು. ನೆಟ್‌ನಲ್ಲಿ ಮಾಹಿತಿ ಪೊಟ್ಟಣಗಳಾಗಿ ಸಾಗುತ್ತದೆ, ಒಂದು ಪೊಟ್ಟಣಕ್ಕೆ ಮಾಮೂಲಿ 1500 ಬೈಟ್ ಮಿತಿ. ಬಳಕೆದಾರನ ಹೆಸರು, ಪಾಸ್‌ವರ್ಡ್ ಹಾಕಿ ಜೋಡಿಸುವ ಒಂದು ಬಗೆಯ ಬ್ರಾಡ್‌ಬ್ಯಾಂಡಿನಲ್ಲಿ ಪ್ರತಿ ಪೊಟ್ಟಣದ ಮೇಲೆ 8 ಬೈಟಿನ ಚೀಟಿ ಅಂಟಿಸುವುದರಿಂದ ಉಳಿಯುವುದು 1492. ದೊಡ್ಡ ಪೊಟ್ಟಣ ಬಂದರೆ ರೂಟರ್ "ಚಿಕ್ಕದು ಮಾಡಿ" ಎಂದು ಕಂಪ್ಯೂಟರಿಗೆ ಹೇಳಿಕಳಿಸಬೇಕು. ಆ ಮಾತನ್ನು ಕಂಪ್ಯೂಟರಿನ ಕಾವಲು ತಂತ್ರಾಂಶವೇ ಒಳಗೆ ಬಿಡದಿದ್ದರೆ ಕಂಪ್ಯೂಟರ್ ಅದೇ ದೊಡ್ಡ ಪೊಟ್ಟಣವನ್ನು ಮತ್ತೆಮತ್ತೆ ಕಳಿಸುತ್ತಾ ಕೂರುತ್ತದೆ. ಸಣ್ಣ ಲಾರಿ ದಾಟುವ ಸೇತುವೆಯ ಕೆಳಗೆ ಎತ್ತರದ ಲೋಡು ಸಿಕ್ಕಿಹಾಕಿಕೊಂಡ ಹಾಗೆ ಎಂದೆ. ಅವರಿಗೆ ಇನ್ನೇನೂ ಹೇಳಬೇಕಾಗಲಿಲ್ಲ. ಸಂಯೋಜನೆಯಲ್ಲಿ ಅಳತೆಯನ್ನು ಕಡಿಮೆ ಮಾಡಿದೆ, ಆ ರಾತ್ರಿಯ ಬಿಲ್ಲುಗಳೆಲ್ಲ ಹೋದವು.

ಗಾತ್ರದ ಮಾತು ಬಂದಾಗ ಇನ್ನೊಂದು. ಲಗತ್ತನ್ನು ಮೇಲಿನಲ್ಲಿ ಸಾಗಿಸುವಾಗ ಅದು ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚೇ ಉಬ್ಬುತ್ತದೆ. ಮಿತಿಯನ್ನು ಉಬ್ಬಿದ ಗಾತ್ರಕ್ಕೆ ಲೆಕ್ಕ ಹಾಕುವ ಕಡೆ 25 ಎಂಬಿಯೊಳಗೆ ನಿಜವಾಗಿ ಹಿಡಿಸುವುದು ಸುಮಾರು 18 ಎಂಬಿಯ ಕಡತ.

ಮೇಷ್ಟ್ರ ಪುಸ್ತಕದಲ್ಲಿ ಗಾತ್ರದ ಸುಳಿವು ಇರಲಿಲ್ಲ. ಎರಡು ಸಾಲೂ ಸೋತಿತ್ತು, ಇಡೀ ಅಧ್ಯಾಯವೂ ಹೋಗಿತ್ತು. ಗಂಟೆಯಲ್ಲೂ ಸುಳಿವಿಲ್ಲ. ದಿನದಲ್ಲಿ ಮಾತ್ರ ಇತ್ತು: ಮೂರು ಶನಿವಾರ ಅಥವಾ ಭಾನುವಾರ, ಒಂದು ವಿನಾಯಕ ಚತುರ್ಥಿ. ಸಿನಿಮಾ ನೋಡುವವರ ಇಕ್ಕಟ್ಟು ಎಂಬ ವಾದಕ್ಕೆ ಬಲ ಬಂದಂತೆ ಕಂಡಿತು. ಆದರೆ ಆ ದಿನಗಳಲ್ಲೂ ಅದೇ ಮನೆಯಲ್ಲಿ ಅಮ್ಮ ಯಕ್ಷಗಾನದ ವಿಡಿಯೋ ತಡೆಯಿಲ್ಲದೆ ನೋಡಿದ್ದರು. ವಿಡಿಯೋ ಹರಿಯುವ ದಾರಿಯಲ್ಲಿ ಎರಡು ಸಾಲಿನ ಮೇಲ್ ಸಿಕ್ಕಿಕೊಳ್ಳುವುದೇ?

ಇಂಥ ವಿಚಿತ್ರ ಹೊಂದಾಣಿಕೆಗಳನ್ನು ಕಂಡಾಗ ನಗಬಾರದು ಎಂದು ನಮ್ಮ ಕಸುಬಿನವರಿಗೆ ಕಲಿಸಿದ ಪ್ರಸಿದ್ಧ ಪ್ರಸಂಗವೊಂದಿದೆ. ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಮೇಲ್ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಟ್ರೇ ಹ್ಯಾರಿಸ್ 2002ರಲ್ಲಿ ಇದನ್ನು ಬರೆದು ಹಂಚಿಕೊಂಡರು. ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರು ಅವರಿಗೆ ಫೋನ್ ಮಾಡಿ, "ನಮ್ಮಿಂದ 500 ಮೈಲಿಗಿಂತ ದೂರಕ್ಕೆ ಮೇಲ್ ಹೋಗುತ್ತಿಲ್ಲ" ಎಂದರಂತೆ. ಮೇಲಿಗೆ ದೂರ ಗೊತ್ತಿಲ್ಲ ಎಂದು ಯಾರಾದರೂ ನಗುತ್ತಾರೆ. ಹ್ಯಾರಿಸ್ ಪರೀಕ್ಷಿಸಿದರು: ನ್ಯೂಯಾರ್ಕಿಗೆ ಹೋಯಿತು, ಪ್ರಾವಿಡೆನ್ಸಿಗೆ ಹೋಗಲಿಲ್ಲ. ದೂರು ಅಕ್ಷರಶಃ ನಿಜ! ಯಾರೋ ಸರ್ವರ್ ಪರಿಷ್ಕರಿಸುವಾಗ ಮೇಲ್ ತಂತ್ರಾಂಶದ ಹಳೆಯ ಆವೃತ್ತಿ ಬಂದು ಕೂತಿತ್ತು, ಹೊಸ ಸಂಯೋಜನೆ ಅದಕ್ಕೆ ಅರ್ಥವಾಗದೆ, ಉತ್ತರಕ್ಕೆ ಕಾಯುವ ಸಮಯ ಸೊನ್ನೆಯಾಗಿತ್ತು. ಸೊನ್ನೆ ಅಂದರೂ ಆ ಯಂತ್ರದಲ್ಲಿ ಅದು ಸುಮಾರು ಮೂರು ಮಿಲಿಸೆಕೆಂಡು. ಅಷ್ಟರಲ್ಲಿ ಬೆಳಕು ಕ್ರಮಿಸುವುದು ಸುಮಾರು 558 ಮೈಲಿ. ಅದಕ್ಕಿಂತ ಆಚೆಯವರು ಉತ್ತರ ಕೊಡುವ ಮೊದಲೇ ಈ ಸರ್ವರ್ ಎದ್ದು ಹೋಗುತ್ತಿತ್ತು. ಅಂಥ ರೋಗ ನಮಗೆ ಬಂದಿದ್ದರೆ ಮಾಧವರಂನಿಂದ ಕಳಿಸಿದ್ದು ಬೆಳಗಾವಿಗೆ ಮುಟ್ಟಿ, ಮುಂಬಯಿಗೆ ಮುಟ್ಟುತ್ತಿರಲಿಲ್ಲ.

ಆದ್ದರಿಂದ ಶನಿವಾರವನ್ನೂ ನಾನು ತಳ್ಳಿಹಾಕಲಿಲ್ಲ. ಮೂರನೇ ಶನಿವಾರ ಬೆಳಗ್ಗೆಯೇ ಹೋಗಿ ಕೂತೆ. ಹನ್ನೊಂದು ಗಂಟೆಗೆ ಮೇಲ್ ನನ್ನ ಕಣ್ಣೆದುರೇ ಸೋತಿತು. ಬ್ರೌಸರಿನಿಂದ ಅದೇ ಪ್ರಕಾಶನದ ಮೇಲ್ ಪುಟ ತೆರೆಯಲು ನೋಡಿದೆ, ಅದೂ ತೆರೆಯಲಿಲ್ಲ. ಬೇರೆಲ್ಲ ಪುಟಗಳೂ ತೆರೆದವು. ನನ್ನ ಮೊಬೈಲಿನ ಹಾಟ್‌ಸ್ಪಾಟ್ ಹಾಕಿ, ಅದೇ ಕಂಪ್ಯೂಟರನ್ನು ಅದಕ್ಕೆ ಜೋಡಿಸಿ, ಏನೂ ಬದಲಾಯಿಸದೆ ಮತ್ತೆ ಒತ್ತಿದೆ. ಹೋಯಿತು. ನೀವು ಬೇರೇನೂ ಮಾಡದಿದ್ದರೂ ಈ ಒಂದು ಪರೀಕ್ಷೆ ಮಾಡಿ. ದಾರಿ ಬದಲಿಸಿದ ಕೂಡಲೇ ಹೋದರೆ ಕಂಪ್ಯೂಟರ್, ಪಾಸ್‌ವರ್ಡ್, ಸರ್ವರ್ ಮೂರೂ ನಿರ್ದೋಷಿಗಳು.

ಹಾಗಾದರೆ ಆ ಸರ್ವರಿಗೆ ಮೇಷ್ಟ್ರ ಮನೆಯ ಮೇಲೆ ಏನು ಸಿಟ್ಟು? ಹೊರಗಿನಿಂದ ನೋಡುವವರಿಗೆ ಒಂದು ಮನೆಯ ಎಲ್ಲ ಉಪಕರಣಗಳೂ, ಕಂಪ್ಯೂಟರ್, ಟಿವಿ, ಮೊಬೈಲ್ ಎಲ್ಲವೂ, ಒಂದೇ ವಿಳಾಸದಲ್ಲಿ ಕಾಣುತ್ತವೆ. ಒಂದು ವಿಳಾಸದಿಂದ ತಪ್ಪು ಪಾಸ್‌ವರ್ಡ್ ಮತ್ತೆಮತ್ತೆ ಬಂದರೆ ಯಾರೋ ಕಳ್ಳ ಬೀಗ ಅಲ್ಲಾಡಿಸುತ್ತಿದ್ದಾನೆ ಎಂದು ಸರ್ವರ್ ಆ ಇಡೀ ವಿಳಾಸಕ್ಕೆ ಸ್ವಲ್ಪ ಹೊತ್ತು ಬಾಗಿಲು ಮುಚ್ಚುತ್ತದೆ. ತಪ್ಪು ಎಂದು ಹೇಳುವುದೂ ಇಲ್ಲ, ಉತ್ತರ ಕೊಡುವುದನ್ನೇ ನಿಲ್ಲಿಸುತ್ತದೆ. ಸಂಖ್ಯೆಯಿಲ್ಲದ ಸೋಲು ಬರುವುದು ಹೀಗೆ. ರೂಟರ್ ಆಫ್ ಆನ್ ಮಾಡಿದರೆ ಮನೆಗೆ ಹೊಸ ವಿಳಾಸ ಸಿಗುತ್ತಿತ್ತು, ಅದಕ್ಕೇ ಮನೆಮದ್ದು ಫಲಿಸುತ್ತಿದ್ದದ್ದು. ಅರ್ಧ ಗಂಟೆಯಲ್ಲಿ ಹೊಸ ವಿಳಾಸವೂ ಕೆಟ್ಟ ಹೆಸರು ಪಡೆಯುತ್ತಿತ್ತು.

"ಈ ಪಾಸ್‌ವರ್ಡ್ ಬೇರೆ ಎಲ್ಲಾದರೂ ಹಾಕಿದ್ದೀರಾ ಮೇಷ್ಟ್ರೇ?"

"ಇಲ್ಲಪ್ಪಾ, ಇದೊಂದರಲ್ಲೇ. ಜುಲೈ ಕೊನೆಗೆ ಅವರು ಹೊಸದು ಕೊಟ್ಟರು, ಇದರಲ್ಲೇ ಬದಲಾಯಿಸಿದೆ."

ಅಮ್ಮ ಕಾಫಿ ತಂದಿಟ್ಟು, ಹಾಲಿನ ಲೆಕ್ಕ ಬರೆಯಲು ಪುಸ್ತಕ ಕೇಳಿದರು. ಬರೆಯುವಾಗ ನೋಡಿದೆ, ಎಡಗಡೆಯಲ್ಲಿ ಮಾಮೂಲಿನ ಅರ್ಧ ಲೀಟರಿನ ಪಕ್ಕ 'ಇನ್ನರ್ಧ' ಎಂದು ಸೇರಿಸುತ್ತಿದ್ದಾರೆ. ಹಾಳೆ ಹಿಂದೆ ತಿರುಗಿಸಿದೆ. ಇನ್ನರ್ಧ ಲೀಟರ್ ತಂದ ದಿನಗಳೂ ಮೇಲ್ ಸತ್ತ ದಿನಗಳೂ ಎದುರುಬದುರು ಕೂತಿದ್ದವು, ಚತುರ್ಥಿಯೂ ಸೇರಿ.

"ಇನ್ನರ್ಧ ಲೀಟರ್ ಯಾರಿಗಮ್ಮ?"

"ಮಗಳ ಮಗ ಬರ್ತಾನಲ್ಲ, ಕೊಳತ್ತೂರಿಂದ. ರಜಾ ದಿನ ಇಲ್ಲೇ."

ಮಗು ಮಂಚದ ಆಚೆ ಬದಿ ಗೋಡೆಗೆ ಒರಗಿ ಆಟವಾಡುತ್ತಿತ್ತು, ತಾತನ ಹಳೆಯ ಮೊಬೈಲಿನಲ್ಲಿ. ವಾರವಿಡೀ ಅದು ಚಾರ್ಜಿಲ್ಲದೆ ಮೇಜಿನ ಡ್ರಾಯರಿನಲ್ಲಿ ಮಲಗಿರುತ್ತದೆ. ಶನಿವಾರ ಬಂದರೆ ಜೀವ ಬಂದು ವೈಫೈ ಹಿಡಿಯುತ್ತದೆ. ಅದರಲ್ಲಿ ಎರಡು ವರ್ಷದ ಹಿಂದೆ ಯಾರೋ ಮೇಷ್ಟ್ರ ಮೇಲ್ ಖಾತೆಯನ್ನು ಸೇರಿಸಿಕೊಟ್ಟಿದ್ದರು, ಹಳೆಯ ಪಾಸ್‌ವರ್ಡಿನೊಂದಿಗೆ. ಹೊಸ ಮೇಲ್ ಇದೆಯೇ ಎಂದು ಅದು ಕೆಲವು ನಿಮಿಷಕ್ಕೊಮ್ಮೆ ಹಳೆಯ ಬೀಗದ ಕೈ ಹಿಡಿದು ಸರ್ವರಿನ ಬಾಗಿಲು ತಟ್ಟುತ್ತಲೇ ಇತ್ತು. ಪಾಸ್‌ವರ್ಡ್ ಕೇಳುವ ಸೂಚನೆ ಪರದೆಯ ಮೇಲೆ ಬಂದಾಗಲೆಲ್ಲ ಮಗು ಬೆರಳಿನಿಂದ ಪಕ್ಕಕ್ಕೆ ಸರಿಸಿ ಆಟ ಮುಂದುವರಿಸುತ್ತಿತ್ತು. ಆಟದ ನಡುವೆ ಬಂದರೆ ಯಾರು ಓದುತ್ತಾರೆ!

ಆ ಖಾತೆಯನ್ನು ಮೊಬೈಲಿನಿಂದ ತೆಗೆಯಲು ಒಂದು ನಿಮಿಷ ಹಿಡಿಯಿತು. ಆಟ ಹೋಗುತ್ತದೇನೋ ಎಂದು ಮಗುವಿನ ಮುಖ ಸಣ್ಣದಾಯಿತು, ಇಲ್ಲ ಮರಿ ಎಂದು ಆಣೆ ಮಾಡಬೇಕಾಯಿತು. ಆ ಸಂಜೆಗೆ ಸರ್ವರ್ ತಾನಾಗಿ ಬಾಗಿಲು ತೆರೆಯಿತು. ಮೇಷ್ಟ್ರು ಹಾಲಿನ ಪುಸ್ತಕದ ಎರಡೂ ಬದಿಯ ಫೋಟೋ ತೆಗೆದು, ಎಲ್ಲ ವಿವರ ಬರೆದು ಪ್ರಕಾಶನಕ್ಕೆ ಕಳಿಸಿದರು. ಅವರ ಮೇಲ್ ನೋಡಿಕೊಳ್ಳುವವರು ತಮ್ಮ ದಾಖಲೆಯಲ್ಲಿ ಹುಡುಕಿ, ಆ ದಿನಗಳಂದು ಮೇಷ್ಟ್ರ ಮನೆಯ ವಿಳಾಸವನ್ನು ತಡೆದದ್ದು ಹೌದು ಎಂದು ಬರೆದರು. ಪುಸ್ತಕ ಬೇರೆಯವರಿಗೆ ಹೋಗಲಿಲ್ಲ.

ನಿಮ್ಮ ಮನೆಯ ಡ್ರಾಯರಿನಲ್ಲೂ ಹಳೆಯ ಮೊಬೈಲೋ ಟ್ಯಾಬ್ಲೆಟ್ಟೋ ಇರಬಹುದು, ನೋಡಿ. ಪಾಸ್‌ವರ್ಡ್ ಬದಲಾಯಿಸಿದ ದಿನವೇ ಅದನ್ನೂ ಹೊರಗೆ ತೆಗೆಯಿರಿ. ಜಿಮೇಲನ್ನು ಹಳೆಯ ತಂತ್ರಾಂಶದಲ್ಲಿ ಬಳಸುವವರು ಇನ್ನೂ ಒಂದು ನೆನಪಿಡಬೇಕು. 2022ರ ಮೇ 30ರಿಂದ ಗೂಗಲ್ ವೈಯಕ್ತಿಕ ಖಾತೆಗಳಿಗೆ ಬರೀ ಮಾಮೂಲಿ ಪಾಸ್‌ವರ್ಡಿನಿಂದ ಹಾಗೆ ಒಳಬರುವುದನ್ನು ನಿಲ್ಲಿಸಿದೆ. ಹೊಸ ಆವೃತ್ತಿ ಹಾಕಿಕೊಳ್ಳಬೇಕು, ಇಲ್ಲವೇ ಆ್ಯಪ್ ಪಾಸ್‌ವರ್ಡ್ ಎಂಬ ಬೇರೆಯದನ್ನು ಪಡೆಯಬೇಕು. ಕಳಿಸುವ ಪೋರ್ಟ್ 25 ಎಂದಿದ್ದರೆ ಅದನ್ನೂ ಬದಲಿಸಿ. ಸ್ಪ್ಯಾಮ್ ತಡೆಯಲು ಬಹಳ ಕಡೆ ಮನೆಗಳಿಂದ ಆ ಬಾಗಿಲು ಮುಚ್ಚಿರುತ್ತಾರೆ. ಮನೆಯವರಿಗೆಂದೇ ಇರುವುದು 587 ಮತ್ತು 465.

ಒಂದು ವಿಷಯ ಮಾತ್ರ ಕೈಮುಗಿದು ಹೇಳುತ್ತೇನೆ. ಮೇಲ್ ಹೋಗುತ್ತಿಲ್ಲ ಎಂದು ನೆಟ್‌ನಲ್ಲಿ 'ಕಸ್ಟಮರ್ ಕೇರ್ ನಂಬರ್' ಹುಡುಕಿ ಸಿಕ್ಕಿದ ಮೊಬೈಲ್ ಸಂಖ್ಯೆಗೆ ಕರೆ ಮಾಡಬೇಡಿ. ಬಹಳ ಸೌಜನ್ಯದಿಂದ ಮಾತಾಡಿ, ದೂರದಿಂದಲೇ ಸರಿಮಾಡುತ್ತೇವೆಂದು ಒಂದು ತಂತ್ರಾಂಶ ಹಾಕಿಸಿ, ನಿಮ್ಮ ಪರದೆಯನ್ನು ತಮ್ಮ ಕೈಗೆ ತೆಗೆದುಕೊಳ್ಳುವ ಕಳ್ಳರು ಇದ್ದಾರೆ. ಮೇಲಿನಿಂದ ಶುರುವಾದದ್ದು ಬ್ಯಾಂಕಿನಲ್ಲಿ ಮುಗಿಯುತ್ತದೆ. ಒಂಟಿಯಾಗಿರುವ ಹಿರಿಯರೇ ಅವರ ಗುರಿ, ಅದರಲ್ಲೂ ಬೇರೆ ಊರಿನ ಭಾಷೆಯಲ್ಲಿ ದೂರು ಹೇಳಲು ಹಿಂಜರಿಯುವವರು. ಹಣ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಿ, ಎಷ್ಟು ಬೇಗವೋ ಅಷ್ಟು ಒಳ್ಳೆಯದು.

ಬ್ಯಾಟರಿ ಬದಲಾಗಿ, ಮೊಬೈಲಿನ ಖಾತೆ ಹೋದ ಮೇಲೆ ಮೇಷ್ಟ್ರ ಪುಸ್ತಕದ ಬಲಗಡೆಯಲ್ಲಿ ತಿಂಗಳುಗಟ್ಟಲೆ ಬರೀ 'ಹೋಯಿತು'ಗಳೇ. ಆದರೂ ಅವರು ಬರೆಯುವುದನ್ನು ಬಿಟ್ಟಿಲ್ಲ. ಈಚೆಗೆ ಒಂದು ಮೇಲ್ ಹೋದ ಹಾಗೆ ಹೋಗಿ, ಹತ್ತು ನಿಮಿಷಕ್ಕೆ ಉದ್ದದ ಇಂಗ್ಲಿಷ್ ಪತ್ರದೊಂದಿಗೆ ವಾಪಸು ಬಂತಂತೆ. ನನಗೆ ಹೇಳಿ ಕಳಿಸಲಿಲ್ಲ. ಕನ್ನಡಕ ಹಾಕಿಕೊಂಡು, ಪತ್ರವನ್ನು ಮೇಲಿಂದ ಕೆಳಗೆ ಓದಿ, ಸಂಖ್ಯೆ ಹುಡುಕಿ, ಪ್ರಕಾಶನಕ್ಕೆ ತಾವೇ ಫೋನ್ ಮಾಡಿದ್ದಾರೆ: "ಐನೂರ ಐವತ್ತೆರಡು ಬಂದಿದೆ ಸ್ವಾಮಿ. ಒಂಬತ್ತನೇ ಅಧ್ಯಾಯ ಕಳಿಸಿದ್ದೇನೆ, ನಿಮ್ಮ ಕಡೆ ಪೆಟ್ಟಿಗೆ ತುಂಬಿದೆ. ಸ್ವಲ್ಪ ಖಾಲಿ ಮಾಡಿ, ಮತ್ತೆ ಕಳಿಸ್ತೇನೆ."